ಮೊಲದ ಮುದ್ರೆ

ಹಾಲೇಶಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ,
ಗಡಿಯಾರ ಬರುತ್ತಿತ್ತು.
ಶಿವಮೊಗ್ಗೆಯ ದೊಡ್ಡಪೇಟೆಯಲ್ಲಿ ಒಂದೂವರೆ ಮಾರು ಅಂಗಡಿ,
ಬಾಗಿಲಲ್ಲಿ ಹಿತ್ತಾಳೆಯ ಕಹಳೆ
ದತ್ತೂರಿ ಹೂವಿನಂತೆ ಬೀದಿಗೆ ಬಾಯ್ದೆರೆದು.
ನಾನಿನ್ನೂ ಹೈಸ್ಕೂಲು. ಕಾಗದಕ್ಕೆ ಅರ್ಧಾಣೆ,
ಕಂಪನಿಗೆ ಬರೆಯುವುದು ನನ್ನ ಕೆಲಸ.

ಮೊದಲನೆಯದು ಬಾಯಿಪಾಠ:
ಮಾನ್ಯರೇ, ಬೀರೂರಿನಿಂದ ರೈಲಿನಲ್ಲಿ ಬಂದ ಪೆಟ್ಟಿಗೆಯಲ್ಲಿ
ಇಪ್ಪತ್ತನಾಲ್ಕು ತಟ್ಟೆ. ಹನ್ನೊಂದು ಒಡೆದಿವೆ.
ಒಂದರ ಮೇಲೆ ದೇವರನಾಮ ಎಂದು ಅಚ್ಚಾಗಿದೆ,
ಒಳಗೆ ಯಾರೋ ದೊರೆ ನಗುತ್ತಾನೆ.
ಮೂರು ನಿಮಿಷ. ಬರೀ ನಗು.
ದಯಮಾಡಿ ದೇವರನಾಮ ಕಳಿಸಿ, ಇಲ್ಲವೇ ದುಡ್ಡು.

ಎಂಟು ತಿಂಗಳಿಗೆ ಉತ್ತರ. ರೊಟ್ಟಿಯಷ್ಟು ದಪ್ಪ ಕಾಗದ,
ನೆತ್ತಿಯಲ್ಲಿ ಕಿವಿ ನಿಮಿರಿಸಿದ ಮೊಲ.
ನಿಮ್ಮ ಅಹವಾಲು ಪರಿಶೀಲನೆಯಲ್ಲಿದೆ.

ಅಷ್ಟರಲ್ಲಿ ಗಾಜನೂರಿನಿಂದ, ಹೊಳಲೂರಿನಿಂದ
ಗಾಡಿ ಕಟ್ಟಿಕೊಂಡು ಜನ, ನಗುವ ದೊರೆಯನ್ನು ಕೇಳಲು.
ತಲೆಗೆ ಮೂರು ಕಾಸು.
ಅಮಲ್ದಾರರು ಮೊದಲು ಆಚೀಚೆ ನೋಡಿದರು,
ಆಮೇಲೆ ನಕ್ಕರು.
‘ಯಾರನ್ನು ನೋಡಿ ನಗ್ತಾನಯ್ಯಾ ಇವನು?’
‘ನನ್ನ ಕಾಗದ ಓದಿ, ಸ್ವಾಮಿ.’

ಮೂರನೇ ವರ್ಷ ಮೊಲದ ಪಕ್ಕ ಒಂದು ಗೂಬೆ ಬಂದು ಕೂತಿತು.
ಅಮಾಲ್ಗಮೇಷನ್, ಅಂತ ಓದಿದೆ.
ಹೆಡ್ಮಾಸ್ತರರ ನಿಘಂಟಿನಲ್ಲಿ ಹುಡುಕಿದರೆ: ಕೂಡಿಕೆ.
ಹಾಲೇಶಪ್ಪ ಕಣ್ಣಿನ ಭೂತಗಾಜು ತೆಗೆದ.
‘ನಮ್ಮ ಕೂಡ್ಲಿ ಹಾಗೆ ಅನ್ನು.
ಆದರೆ ತುಂಗೆ ಭದ್ರೆ ಕೂಡಿದ ಮೇಲೂ
ಇಬ್ಬರ ಹೆಸರೂ ಉಳಿಸಿದ್ದೀವಪ್ಪ ನಾವು.
ನೋಡ್ತಿರು, ಗೂಬೆ ಏನು ಮಾಡುತ್ತೆ.’

ಯುದ್ಧ ಬಂತು. ಸೂಜಿ ಬರುವುದು ನಿಂತಿತು.
ಅವನು ಕಾರೆಯ ಮುಳ್ಳು ತಂದು, ಒಲೆಯ ಮೇಲೆ ಒಣಗಿಸಿ,
ಕೂದಲು ಸೀಳುವ ಹಾಗೆ ಚೂಪು ಮಾಡಿದ.
ಪ್ರತಿ ವರ್ಷ ಯುಗಾದಿಗೆ ಮುಂಚೆ
ಹನ್ನೊಂದು ತಟ್ಟೆಯ ಬಗ್ಗೆ ನನ್ನಿಂದ ಬರೆಸಿದ.
ಕಾಗದದಿಂದ ಕಾಗದಕ್ಕೆ ಮೊಲ ಸಣ್ಣಗಾಯಿತು:
ಹೆಬ್ಬೆರಳಷ್ಟು, ಹುಣಸೆ ಬೀಜದಷ್ಟು.
ಆಮೇಲೆ ಗೂಬೆ ಒಂದೇ, ಹೊಟ್ಟೆ ಕೊಂಚ ಉಬ್ಬಿದ ಹಾಗೆ.

ಆ ಕಾಗದದಲ್ಲಿ ಇನ್ನೊಂದು ಪದ: ಲಿಕ್ವಿಡೇಷನ್.
ನಿಘಂಟು ಹೇಳಿತು: ನೀರಾಗುವುದು.
ಹಳೆಯ ಕಂಪನಿ ನೀರಾಗಿದೆ, ಅದರ ಸಾಲ ನಮ್ಮದಲ್ಲ.
ಗೋದಾಮಿಗೆ ಬೆಂಕಿ ಬಿದ್ದಿತ್ತು,
ಉಳಿದ ತಾಮ್ರದ ಅಚ್ಚುಗಳನ್ನು ತೂಕಕ್ಕೆ ಮಾರಲಾಗಿದೆ.

ಹಾಲೇಶಪ್ಪ ಬಹಳ ಹೊತ್ತು ಸುಮ್ಮನಿದ್ದ.
ಅಂಗಡಿಯ ಗಡಿಯಾರಗಳೆಲ್ಲ
ಒಂದೊಂದು ಒಂದೊಂದು ಹೊತ್ತಿಗೆ ಐದು ಹೊಡೆದವು.
‘ಅರಗಿನ ತಟ್ಟೆ, ಅರಗಿನ ಮನೆ,’ ಅಂದ.
‘ಪಾಂಡವರು ಸುರಂಗದಲ್ಲಿ ಪಾರಾದ ಹಾಗೆ
ಇವನೊಬ್ಬ ಆ ನಡುತೂತಿನಲ್ಲಿ ನುಸುಳಿ
ಶಿವಮೊಗ್ಗೆಗೆ ಬಂದುಬಿಟ್ಟಿದ್ದಾನೆ ನೋಡು.’

ಅವನು ಹೋದ ಮೇಲೆ ಮಗಳು ಗಿರಿಜವ್ವ
ಅಂಗಡಿಯನ್ನೂ ಮುಳ್ಳಿನ ಡಬ್ಬಿಯನ್ನೂ ನೋಡಿಕೊಂಡಳು.
ನನಗೆ ಪಿಂಚಣಿಯಾಗಿ ಎರಡನೇ ವರ್ಷ
ಲಂಡನ್ನಿನಿಂದ ಒಂದು ಕಾಗದ. ಗೂಬೆಯೂ ಇಲ್ಲ;
ಮೂರೇ ಮೂರು ಅಕ್ಷರ, ಅದನ್ನೂ ಯಾರೋ ನುಂಗಿದ್ದಾರೆ.
ನಮ್ಮ ಚರಿತ್ರೆ ಬರೆಸುತ್ತಿದ್ದೇವೆ.
ಒಂದು ಸಾವಿರದ ನೂರ ಎಪ್ಪತ್ತೆರಡನೇ ನಂಬರಿನ ತಟ್ಟೆ
ನಮ್ಮಲ್ಲೇ ಇಲ್ಲ. ನಿಮ್ಮಲ್ಲಿರಬಹುದೇ?

ಗಿರಿಜವ್ವ ಕೈ ಒರೆಸಿಕೊಂಡು ಬಂದಳು:
‘ಬರೀರಿ ಮಾಮ. ಮೊದಲು ಹನ್ನೊಂದು ತಟ್ಟೆ.
ದೇವರನಾಮ ಬೇರೆ.’
ಬರೆದೆ. ಅರ್ಧಾಣೆ ಕೇಳಲಿಲ್ಲ.

ಉತ್ತರ ಬಂದಿಲ್ಲ. ನಾವು ಆಗಾಗ ಅವನನ್ನು ಕೇಳುತ್ತೇವೆ.
ಉಕ್ಕಿನ ಸೂಜಿ ಗಟ್ಟಿಯಾಗಿ ನಗಿಸುತ್ತಿತ್ತು,
ಮುಳ್ಳು ಮೆತ್ತಗೆ. ಹಾಗಾಗಿ ಕೊನೆಯಲ್ಲಿ,
ನಗು ಮುಗಿದು ಗೆರೆಗಳು ಬರಿದಾಗುವ ಮುಂಚೆ,
ಅಷ್ಟು ವರ್ಷ ಯಾರಿಗೂ ಕೇಳಿಸದಿದ್ದದ್ದು ಕೇಳಿಸುತ್ತದೆ:
ಒಂದು ಕೆಮ್ಮು,
ನಕ್ಕು ಸುಸ್ತಾದ ಮನುಷ್ಯನೊಬ್ಬ
ಕುರ್ಚಿ ಎಳೆದು ಕೂರುವ ಸದ್ದು.